ಎರಡು ಪುಟಗಳ ಶಿವಗಂಗಮ್ಮ

ಜೆರಾಕ್ಸ್ ಯಂತ್ರದಿಂದ ಆಗಷ್ಟೇ ಹೊರಬಿದ್ದ ಹಾಳೆಗೆ ಒಂದು ವಾಸನೆಯಿದೆ. ಇಸ್ತ್ರಿ ಮಾಡಿದ ಬಟ್ಟೆಗೂ ಸುಟ್ಟ ಪ್ಲಾಸ್ಟಿಕ್ಕಿಗೂ ನಡುವಿನ ವಾಸನೆ. ಮೊನ್ನೆ ನಮ್ಮ ಕಾಲೇಜಿಗೆ ಹೊಸದಾಗಿ ಬಂದ ಉಪನ್ಯಾಸಕರೊಬ್ಬರು ತಮ್ಮ ಸಂಶೋಧನಾ ಪ್ರಕಟಣೆಗಳ ಪಟ್ಟಿಯನ್ನು ಅಂಥ ಬಿಸಿ ಹಾಳೆಯಲ್ಲೇ ತಂದು ನನ್ನ ಮೇಜಿನ ಮೇಲಿಟ್ಟು, ‘ಸ್ವಲ್ಪ ನೋಡಿ ಸಹಿ ಹಾಕ್ಕೊಡಿ ಮೇಡಂ’ ಎಂದು ಹೇಳಿ ಕ್ಲಾಸಿಗೆ ಹೋದರು. ಪೆನ್ನಿನ ಮುಚ್ಚಳ ತೆಗೆದೆ. ಬಲಗಡೆಯ ಕೊನೆಯಲ್ಲಿ ‘ಷರಾ’ ಎಂಬ ಖಾಲಿ ಕಾಲಂ ಕಂಡಿತು. ಮುಚ್ಚಳವನ್ನು ಮತ್ತೆ ಹಾಕಿಟ್ಟೆ. ಆ ಕಾಲಂ ತುಂಬಲು ನನಗೆ ಈಗ ಕೈ ಬರುವುದಿಲ್ಲ. ಯಾಕೆ ಅಂತ ನಿಮಗೆ ಹೇಳಬೇಕು. ಇಷ್ಟು ವರ್ಷ ಯಾರಿಗೂ ಪೂರ್ತಿ ಹೇಳಿಲ್ಲ.

ತುಮಕೂರಿನ ಒಂದು ಖಾಸಗಿ ವಿಜ್ಞಾನ ಕಾಲೇಜಿನಲ್ಲಿ ನಾನು ಗ್ರಂಥಪಾಲಕಿ. ಅನುಮಾನ ನನ್ನ ಹುಟ್ಟುಗುಣ. ಈ ಕೆಲಸ ಅದಕ್ಕೆ ನೀರೆರೆದು ಬೆಳೆಸಿತು. ವಾಪಸು ಬಂದ ಪುಸ್ತಕವನ್ನು ನಾನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇನೆ, ಬ್ಲೇಡಿನಲ್ಲಿ ಯಾರಾದರೂ ಪುಟ ಕತ್ತರಿಸಿದ್ದಾರೋ ಎಂದು. ‘ಊರಿಗೆ ಹೋಗಿದ್ದೆ ಮೇಡಂ’ ಎಂದ ಹುಡುಗಿಯ ಬಸ್ ಟಿಕೆಟ್ ಪುಸ್ತಕದೊಳಗೇ ಸಿಕ್ಕರೆ, ಅದು ಯಾವ ಊರಿನದೆಂದು ಓದದೆ ಬಿಡುವವಳಲ್ಲ. ಮನೆಯಲ್ಲೂ ಇದೇ ಪಾಡು. ಹಾಲನ್ನು ಮೂಸಿ ನೋಡದೆ ಒಲೆಗೆ ಇಡುವುದಿಲ್ಲ. ವಸಂತನರಸಾಪುರದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿರುವ ನಮ್ಮ ಯಜಮಾನರು ಊಟಕ್ಕೆ ಕುಳಿತಾಗ ತಟ್ಟೆಯನ್ನು ನನ್ನ ಕಡೆ ತಿರುಗಿಸಿ, ‘ಪರಿಶೀಲಿಸಿ ಸಹಿ ಮಾಡಮ್ಮ, ಆಮೇಲೆ ತಿಂತೀನಿ’ ಎನ್ನುತ್ತಾರೆ. ನಗುತ್ತೇನೆ. ಆದರೆ ತಟ್ಟೆಯ ಕಡೆ ಒಮ್ಮೆ ಕಣ್ಣು ಹಾಯಿಸಿಯೇ ನಗುತ್ತೇನೆ.

ಶಿವಗಂಗಮ್ಮ ಮೇಡಂ ನಮ್ಮಲ್ಲಿ ಜೀವರಸಾಯನ ಶಾಸ್ತ್ರ ಕಲಿಸುತ್ತಿದ್ದರು. ಆಗ ನಾವಿಬ್ಬರೂ ಗುಬ್ಬಿಯಿಂದ ಒಂದೇ ಬಸ್ಸಿನಲ್ಲಿ ತುಮಕೂರಿಗೆ ಬಂದು ಹೋಗುವವರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಒಂಟಿ ಹೆಂಗಸು, ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ಜಡೆ. ಮೊದಲು ಹತ್ತಿದವರು ಇನ್ನೊಬ್ಬರಿಗೆ ಊಟದ ಚೀಲವಿಟ್ಟು ಸೀಟು ಹಿಡಿಯುವುದು ನಮ್ಮ ನಡುವಿನ ಒಪ್ಪಂದ. ಹಾಗೆಂದು ಗೆಳತಿಯರು ಎನ್ನಲಾರೆ. ಗೆಳೆತನಕ್ಕೆ ಮಾತು ಬೇಕು, ಅವರು ಮಾತಾಡುತ್ತಿರಲಿಲ್ಲ. ಪ್ರಿನ್ಸಿಪಾಲರ ಬಗ್ಗೆ ನಾನು ಏನಾದರೂ ಶುರು ಮಾಡಿದರೆ ‘ಹೂಂ’ ಎಂದು ಕಿಟಕಿಯ ಆಚೆ ನೋಡುವರು. ಮಾತಾಡದವರ ಮೇಲೆ ನನ್ನಂಥವರಿಗೆ ಅನುಮಾನ ಜಾಸ್ತಿ.

ಅನುಮಾನಕ್ಕೆ ಇನ್ನೂ ಕಾರಣಗಳಿದ್ದವು. ಅವರ ಬ್ಯಾಗಿನಲ್ಲಿ ಯಾವಾಗಲೂ ಬೆರಳುದ್ದದ ಪ್ಲಾಸ್ಟಿಕ್ ಡಬ್ಬಿಗಳಿರುತ್ತಿದ್ದವು. ಪ್ರತಿ ಶನಿವಾರ ಕಾಲೇಜಿಗೆ ರಜೆ ಹಾಕಿ ಸಿ.ಎಸ್. ಪುರದ ಕಡೆಯ ಬಸ್ಸು ಹತ್ತುತ್ತಿದ್ದರು. ‘ಅಲ್ಲಿ ಯಾರಿದ್ದಾರೆ ಮೇಡಂ?’ ಎಂದು ಒಮ್ಮೆ ಕೇಳಿದ್ದಕ್ಕೆ, ‘ಈಗ ಯಾರೂ ಇಲ್ಲ’ ಎಂದಿದ್ದರು. ಯಾರೂ ಇಲ್ಲದ ಊರಿಗೆ ವಾರವಾರ ಹೋಗುವವರು ಯಾರು, ನೀವೇ ಹೇಳಿ.

ಒಂದು ಸಂಜೆ ನಾನು ಬಸ್ಸಿನಲ್ಲಿ ಮರೆತ ಕನ್ನಡಕವನ್ನು ಕೊಡಲು ಅವರು ನಮ್ಮ ಮನೆಗೆ ಬಂದರು. ನಮ್ಮತ್ತೆ ಹೊರಗೆ ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಮೇಡಂ ನನಗೆ ಕನ್ನಡಕ ಕೊಟ್ಟರು, ಆದರೆ ಕಣ್ಣೆಲ್ಲ ಅತ್ತೆಯ ಮೇಲೆ. ಮುಖ ನೋಡಿದರು, ಮುಂಗೈ ನೋಡಿದರು. ಅತ್ತೆಯ ಕೈಮೇಲೆ ಆಗಾಗ್ಗೆ ನೇರಳೆ ಬಣ್ಣದ ಕಲೆ ಏಳುತ್ತಿತ್ತು, ವಯಸ್ಸಾಯಿತು ಎಂದುಕೊಂಡಿದ್ದೆವು.

‘ಅಮ್ಮ, ಮಂಡಿನೋವಿಗೆ ಏನ್ ತಗೋತೀರಾ?’ ಎಂದು ಕೇಳಿದರು ಮೇಡಂ. ಅತ್ತೆಯ ಮಂಡಿನೋವಿನ ವಿಷಯ ಬಸ್ಸಿನಲ್ಲಿ ಎಂದೋ ನಾನೇ ಹೇಳಿದ್ದೆ.

ಅತ್ತೆಗೆ ಅದಕ್ಕಿಂತ ಪ್ರಿಯವಾದ ವಿಷಯವಿರಲಿಲ್ಲ. ‘ಸಂತೇಲಿ ಒಬ್ಬ ಬತ್ತಾನೆ ಕಣವ್ವಾ, ಬೇರು ಪುಡಿ ಕೊಡ್ತಾನೆ. ಎರಡೊರ್ಸದಿಂದ ತಗೋತಿದೀನಿ. ಮೊದ್ಲು ಏಳಕ್ಕೇ ಆಯ್ತಿರ್ಲಿಲ್ಲ, ಈಗ ನೋಡು, ಕಟ್ಟೆ ಹತ್ತಿ ಕುಂತಿದೀನಿ. ಮಕಾನೂ ತುಂಬ್ಕೊಂಡೈತೆ ಅಂತಾರೆ ಎಲ್ರೂವೆ.’

‘ಒಂದು ಚಮಚ ಕೊಡ್ತೀರಾ?’

ಅತ್ತೆ ಎರಡು ಚಮಚ ಕೊಟ್ಟರು. ಮೇಡಂ ಡಬ್ಬಿಯೊಂದನ್ನು ತೆಗೆದು ತುಂಬಿಸಿಕೊಂಡು, ಮುಚ್ಚಳದ ಮೇಲೆ ಏನೋ ಬರೆದು, ಕಾಫಿಯನ್ನೂ ಕುಡಿಯದೆ ಹೊರಟರು. ಅವರಿಗೆ ಮಂಡಿನೋವಿರಲಿಲ್ಲ, ಬಸ್ಸನ್ನು ಓಡಿ ಹತ್ತುವ ಹೆಂಗಸು. ಹಾಗಾದರೆ ಪುಡಿ ಯಾಕೆ? ನಾಟಿ ಔಷಧದ ಗುಟ್ಟು ಕದ್ದು ಯಾವುದಾದರೂ ಕಂಪನಿಗೆ ಕೊಡುತ್ತಾರೆಯೇ? ಆವತ್ತು ಅನ್ನಕ್ಕೆ ನೀರು ಹೆಚ್ಚಾಗಿ ಮುದ್ದೆಯಾಯಿತು. ನನ್ನ ಗಮನವೆಲ್ಲ ಆ ಡಬ್ಬಿಯ ಮೇಲಿತ್ತು.

ಅದಾದ ಒಂದು ತಿಂಗಳಿಗೆ ಕಾಲೇಜಿನಲ್ಲಿ ಪ್ರೊಫೆಸರ್ ಹುದ್ದೆಯ ಬಡ್ತಿಗೆ ಅರ್ಜಿ ಕರೆದರು. ಅರ್ಜಿದಾರರ ಪ್ರಕಟಣೆಗಳು ನಿಜವೋ ಸುಳ್ಳೋ ಎಂದು ನೋಡಿ ಷರಾ ಬರೆಯುವ ಕೆಲಸವನ್ನು ಪ್ರಿನ್ಸಿಪಾಲರು ನನಗೆ ಒಪ್ಪಿಸಿದರು. ‘ಕಮಿಟಿ ಅಂತ ಹೇಳ್ತೀನಿ. ನಿಮ್ಮ ಹೆಸ್ರು ಆಚೆ ಬರಲ್ಲ’ ಎಂದರು. ನನಗೆ ಎಷ್ಟು ಖುಷಿಯಾಯಿತು ಎಂದು ಹೇಳಿಕೊಳ್ಳಲು ಈಗ ನಾಚಿಕೆ. ಜೀವನದಲ್ಲಿ ಮೊದಲ ಬಾರಿಗೆ ನನ್ನ ಹುಟ್ಟುಗುಣಕ್ಕೆ ಸರ್ಕಾರಿ ಮುದ್ರೆ ಬಿದ್ದ ಹಾಗಿತ್ತು, ಕಾಲೇಜು ಖಾಸಗಿಯದಾದರೂ.

ಶಿವಗಂಗಮ್ಮ ಮೇಡಂ ಕೊಟ್ಟ ಪಟ್ಟಿ ಎರಡು ಪುಟ. ಮೊದಲ ಪುಟದ ಲೇಖನಗಳೆಲ್ಲ ಸ್ಟೀರಾಯ್ಡ್‌ಗಳ ಬಗ್ಗೆ: ದೇಹದಲ್ಲಿ ಅವು ಹೇಗೆ ಹುಟ್ಟುತ್ತವೆ, ಪಿತ್ತಕೋಶದ ಪಕ್ಕದ ಯಕೃತ್ತು ಅವನ್ನು ಹೇಗೆ ಕರಗಿಸುತ್ತದೆ, ಮೂತ್ರದಲ್ಲಿ ಅವನ್ನು ಅಳೆಯುವುದು ಹೇಗೆ. ಎಲ್ಲವೂ ಬೆಂಗಳೂರಿನ ಒಂದು ಲ್ಯಾಬಿನವು. ಆಮೇಲೆ ಹಲವು ವರ್ಷ ಏನೂ ಇಲ್ಲ. ಎರಡನೇ ಪುಟದಲ್ಲಿ ಬೇರೆಯದೇ ಲೋಕ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳ ಜ್ವರ, ಕೆಮ್ಮು, ಕ್ಷಯ. ಯಾವ ಕೇರಿಯಲ್ಲಿ ಮೊದಲು ಬಂತು, ಎತ್ತ ಹರಡಿತು, ಯಾರ ಮನೆಗೆ ಯಾರೂ ಹೋಗಿ ನೋಡಲಿಲ್ಲ ಎಂಬಂಥ ಲೆಕ್ಕ. ಇದಕ್ಕೆ ಸಾಂಕ್ರಾಮಿಕ ರೋಗಗಳ ಕಣ್ಗಾವಲು ಎನ್ನುತ್ತಾರೆ ಎಂದು ನನಗೆ ಆಗ ತಿಳಿದದ್ದು. ನನ್ನ ಕಣ್ಗಾವಲಿಗೆ ಮಾತ್ರ ಬೇರೆಯೇ ಕಂಡಿತು. ಮೊದಲ ಪುಟದ ಲೇಖಕಿಯ ಹೆಸರು ‘ಎಸ್. ಗಂಗಾ’. ಎರಡನೆಯದರಲ್ಲಿ ‘ಶಿವಗಂಗಮ್ಮ’.

ಹಾಳೆಗಳನ್ನು ಪಕ್ಕಪಕ್ಕ ಇಟ್ಟೆ. ಗಾಜಿನ ನಳಿಕೆಯಲ್ಲಿ ಹನಿ ಅಳೆಯುವವರು ಹಳ್ಳಿಯಲ್ಲಿ ಕೆಮ್ಮು ಎಣಿಸುವುದೆಂದರೇನು? ಹೆಸರು ಹೋಲುವ ಬೇರೆ ಯಾರದೋ ಲೇಖನಗಳನ್ನು ತಮ್ಮ ಪಟ್ಟಿಗೆ ಸೇರಿಸಿಕೊಂಡವರ ಕತೆ ನಾನು ಕೇಳಿದ್ದೆ. ಮರುದಿನ ಬಸ್ಸಿನಲ್ಲಿ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಕೇಳಿದರೆ ಎಚ್ಚೆತ್ತುಕೊಳ್ಳುತ್ತಾರೆ ಎಂದುಕೊಂಡೆ. ಷರಾ ಕಾಲಂನಲ್ಲಿ ಬರೆದೆ: ‘ಇವರು ಇಬ್ಬರು ಬೇರೆ ಬೇರೆ ವ್ಯಕ್ತಿಗಳು ಎಂಬ ಅನುಮಾನವಿದೆ. ವಿವರಣೆ ಪಡೆಯುವುದು.’

ಪ್ರಿನ್ಸಿಪಾಲರು ಅವರನ್ನು ಕರೆಸಿದರು. ಏನು ಮಾತಾಯಿತೋ ಗೊತ್ತಿಲ್ಲ. ಆವತ್ತು ಸಂಜೆ ಬಸ್ಸಿನಲ್ಲಿ ನನ್ನ ಸೀಟಿನ ಮೇಲೆ ಎಂದಿನಂತೆ ಅವರ ಚೀಲವಿತ್ತು. ಚೀಲ ಎತ್ತಿಕೊಂಡು ಜಾಗ ಕೊಟ್ಟರು. ಗುಬ್ಬಿಯವರೆಗೂ ನಾನು ಮೊಬೈಲಿನಲ್ಲಿ ಏನೋ ಓದುವವಳಂತೆ ಕುಳಿತಿದ್ದೆ.

ಎರಡು ದಿನ ಬಿಟ್ಟು ಅವರು ಲೈಬ್ರರಿಗೆ ಬಂದರು. ನಿಂತೇ ಮಾತಾಡಿದರು.

‘ನಿಮ್ಮತ್ತೆ ಪುಡೀನ ಬೆಂಗಳೂರಿಗೆ ನನ್ ಹಳೇ ಲ್ಯಾಬಿಗೆ ಕಳ್ಸಿದ್ದೆ ಕಣ್ರೀ. ಅದ್ರಲ್ಲಿ ಸ್ಟೀರಾಯ್ಡ್ ಬೆರ್ಸಿದಾರೆ, ಜೋರಾಗೇ ಇದೆ. ನೋವು ಹೋಗಿರೋದು ಬೇರಿನಿಂದಲ್ಲ. ಒಂದ್ ವಿಷ್ಯ, ಇವತ್ತೇ ನಿಲ್ಲಿಸ್ಬಿಡ್ಬೇಡಿ. ಒಂದೇ ಸಲ ನಿಲ್ಸಿದ್ರೆ ಅಪಾಯ. ಡಾಕ್ಟ್ರಿಗೆ ತೋರ್ಸಿ, ಅವ್ರು ನಿಧಾನಕ್ಕೆ ಬಿಡಿಸ್ತಾರೆ. ಕೆಮ್ಮಿದ್ಯಾ ಅವ್ರಿಗೆ? ಎದೇನೂ ನೋಡ್ಸಿ. ಈ ಚೀಟಿ ಇಟ್ಕೊಳಿ.’

ಚೀಟಿಯಲ್ಲಿ ಎರಡು ಸಾಲು ಇಂಗ್ಲಿಷಿನಲ್ಲಿ ಬರೆದಿತ್ತು. ‘ಆಗ್ಲಿ ಮೇಡಂ’ ಎಂದು ತೆಗೆದುಕೊಂಡೆ. ಅವರು ಹೋದ ಮೇಲೆ ನನ್ನ ತಲೆ ಓಡಿದ್ದು ಎತ್ತ ಗೊತ್ತೆ? ಷರಾ ಬರೆದದ್ದು ನಾನೇ ಎಂದು ಇವರಿಗೆ ವಾಸನೆ ಬಡಿದಿದೆ, ಅದಕ್ಕೇ ಉಪಕಾರದ ಹೊರೆ ಹೊರಿಸಿ ನನ್ನ ಬಾಯಿ ಕಟ್ಟಲು ಬಂದಿದ್ದಾರೆ ಎಂದು. ಚೀಟಿಯನ್ನು ಡ್ರಾಯರಿಗೆ ಹಾಕಿದೆ. ಆದರೆ ಅನುಮಾನಕ್ಕೆ ಪಕ್ಷಪಾತವಿಲ್ಲ ನೋಡಿ. ಮನೆಗೆ ಹೋಗುವಷ್ಟರಲ್ಲಿ ಪುಡಿಯ ಮೇಲೂ ಅನುಮಾನ ಹುಟ್ಟಿತ್ತು. ಅವರ ಮಾತಿನಲ್ಲಿ ಅರ್ಧವನ್ನು ನಂಬಿ ಅರ್ಧವನ್ನು ಬಿಟ್ಟೆ. ಅತ್ತೆ ಬೇಡಬೇಡವೆನ್ನುತ್ತಿದ್ದಂತೆಯೇ ಪುಡಿಯ ಡಬ್ಬ ತೆಗೆದುಕೊಂಡು ಹೋಗಿ ಮೋರಿಗೆ ಸುರಿದುಬಿಟ್ಟೆ. ‘ವಿಷ ಅದು ಅತ್ತೆ’ ಎಂದೆ. ಅವರು ನನ್ನ ಜೊತೆ ಎರಡು ದಿನ ಮಾತು ಬಿಟ್ಟರು.

ಮೂರನೆಯ ದಿನ, ಶನಿವಾರ ಬೆಳಿಗ್ಗೆ, ಅತ್ತೆ ಹಾಸಿಗೆಯಿಂದ ಏಳಲಿಲ್ಲ. ಹಿಂದಿನ ದಿನದಿಂದಲೇ ವಾಂತಿಯಿತ್ತು. ಮುನಿಸಿಗೆ ಊಟ ಬಿಟ್ಟಿದ್ದರಿಂದ ಹೀಗಾಗಿದೆ ಎಂದುಕೊಂಡಿದ್ದೆ. ಮೈ ಮುಟ್ಟಿದರೆ ತಣ್ಣಗೆ ಬೆವರು, ಮಾತು ತೊದಲುತ್ತಿತ್ತು. ಯಜಮಾನರು ಕಾರ್ಖಾನೆಯಲ್ಲಿ. ಪಕ್ಕದ ಮನೆಯವರ ಕಾರಿನಲ್ಲಿ ತುಮಕೂರಿನ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಬಿ.ಪಿ. ನೋಡಿ ಹುಬ್ಬು ಗಂಟಿಕ್ಕಿದರು. ಡ್ರಿಪ್ ಹಾಕಿದರೂ ಬಿ.ಪಿ. ಏರಲಿಲ್ಲ. ‘ಏನಾದ್ರೂ ಮಾತ್ರೆ, ಪುಡಿ ತಗೋತಿದ್ರಾ ಇವ್ರು?’ ಎಂದು ಕೇಳಿದರು.

ಚೀಟಿ ಲೈಬ್ರರಿಯ ಡ್ರಾಯರಿನಲ್ಲಿ, ಬೀಗದೊಳಗೆ. ಅದರಲ್ಲಿದ್ದ ಔಷಧದ ಹೆಸರು ನೆನಪಿಗೆ ಬರಲಿಲ್ಲ. ಯಾರ ಮೇಲೆ ಷರಾ ಬರೆದಿದ್ದೆನೋ ಅವರಿಗೇ ಫೋನ್ ಮಾಡಿದೆ. ಸಿ.ಎಸ್. ಪುರದಲ್ಲಿದ್ದರು. ‘ಪುಡಿ ನಿಲ್ಸುದ್ರಾ?’ ಎಂದರು ಮೊದಲಿಗೆ. ‘ಹೂಂ’ ಎಂದೆ. ‘ಫೋನ್ ಡಾಕ್ಟ್ರ ಕೈಗೆ ಕೊಡಿ.’

ಡಾಕ್ಟರು ಕೇಳುತ್ತ ಕೇಳುತ್ತಲೇ ನರ್ಸಿಗೆ ಕೈಸನ್ನೆ ಮಾಡಿ ಇಂಜೆಕ್ಷನ್ ತರಿಸಿದರು. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದುದರಿಂದ ಅತ್ತೆಯ ದೇಹ ತಾನಾಗಿ ಅದನ್ನು ತಯಾರಿಸುವುದನ್ನೇ ಮರೆತಿತ್ತಂತೆ. ಹೊರಗಿನದೂ ಒಮ್ಮೆಲೇ ನಿಂತಾಗ ಕುಸಿದುಬಿಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ಅತ್ತೆ ಕಣ್ಣುಬಿಟ್ಟು ನೀರು ಕೇಳಿದರು. ಅಷ್ಟರಲ್ಲಿ ಮೇಡಂ ಎರಡು ಬಸ್ಸು ಬದಲಿಸಿ ಬಂದಿದ್ದರು, ಲ್ಯಾಬಿನ ವರದಿಯ ಪ್ರತಿಯೊಂದಿಗೆ. ಎದೆಯ ಎಕ್ಸ್‌ರೇ, ಕಫ ಪರೀಕ್ಷೆ ಮಾಡಿಸಲು ಡಾಕ್ಟರಿಗೆ ಒತ್ತಾಯಿಸಿದವರೂ ಅವರೇ. ನಾಲ್ಕು ದಿನದ ಮೇಲೆ ಗೊತ್ತಾಯಿತು, ಅತ್ತೆಗೆ ಕ್ಷಯವಿತ್ತು. ಪುಡಿ ಅದನ್ನು ಒಳಗೊಳಗೇ ಬೆಳೆಯಲು ಬಿಟ್ಟು, ಮೇಲೆ ಮುಖವನ್ನು ತುಂಬಿಸಿ ತೋರಿಸಿತ್ತು.

ಆ ಶನಿವಾರ ಆಸ್ಪತ್ರೆಯ ಬೆಂಚಿನ ಮೇಲೆ ಮೇಡಂ ಮೊದಲ ಬಾರಿಗೆ ನನ್ನ ಜೊತೆ ಮಾತಾಡಿದರು.

‘ಸಿ.ಎಸ್. ಪುರ ನಮ್ಮೂರು. ನಮ್ಮಣ್ಣನೂ ಇಂಥದ್ದೇ ಪುಡಿ ತಿಂತಿದ್ದ, ಸೊಂಟನೋವಿಗೆ. ನಾನು ಬೆಂಗಳೂರಲ್ಲಿ ದಿನಾ ಇದನ್ನೇ ಅಳೀತಿದ್ದೆ. ಹಬ್ಬಕ್ಕೆ ಊರಿಗೋದಾಗ ಅವನ ಪಕ್ಕ ಕೂತು ಉಂಡಿದೀನಿ. ಮುಖ ಗುಂಡಗಾಗಿತ್ತು. ಅಣ್ಣ ದಪ್ಪ ಆಗಿದಾನೆ ಅಂತ ಖುಷಿಪಟ್ಟೆ ಕಣ್ರೀ. ಟಿ.ಬಿ. ಅಂತ ಗೊತ್ತಾದಾಗ ಏನೂ ಉಳ್ದಿರ್ಲಿಲ್ಲ.’

ಮೇಡಂ ಮಡಿಲಲ್ಲಿದ್ದ ವರದಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡರು.

‘ಆಮೇಲೆ ಲ್ಯಾಬಲ್ಲಿ ಕೂರಕ್ಕಾಗ್ಲಿಲ್ಲ. ಜ್ವರದ ಸರ್ವೆಗೆ ಹಳ್ಳಿಹಳ್ಳಿ ತಿರುಗೋ ಕೆಲ್ಸಕ್ಕೆ ಸೇರ್ಕೊಂಡೆ. ಆಗೆಲ್ಲಾ ಬರೆಯೋಕೆ ಮನಸ್ಸಿರ್ಲಿಲ್ಲ, ಅದಕ್ಕೇ ಪಟ್ಟೀಲಿ ಅಷ್ಟು ವರ್ಷ ಖಾಲಿ. ಹೆಸ್ರೂ ಹಂಗೇ. ಲ್ಯಾಬಲ್ಲಿ ಉದ್ದ ಆಯ್ತು ಅಂತ ಗಂಗಾ ಮಾಡಿದ್ರು. ಹಳ್ಳೀಲಿ ಗಂಗಾ ಅಂದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಅಪ್ಪ ಇಟ್ಟ ಹೆಸ್ರೇ ಹಾಕ್ಕೊಂಡೆ.’ ಬ್ಯಾಗಿನ ಜಿಪ್ ಎಳೆದು, ‘ಯಾರೋ ಕಮಿಟಿಯೋರು ಕೇಳಿದಾರಂತೆ, ಇಬ್ರೂ ಒಬ್ರೇನಾ ಅಂತ’ ಎಂದರು.

ಆಗ ಹೇಳಬೇಕಿತ್ತು. ನಾಲಗೆಯ ತುದಿಯವರೆಗೂ ಬಂದಿತ್ತು. ನರ್ಸ್ ಕರೆದಳು, ಎದ್ದು ಹೋದೆ. ನರ್ಸ್ ಕರೆದದ್ದಕ್ಕೆ ಮನಸ್ಸಿನಲ್ಲೇ ಧನ್ಯವಾದ ಹೇಳಿದೆ ಎಂಬುದನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ.

ಸೋಮವಾರ ಪ್ರಿನ್ಸಿಪಾಲರ ಬಳಿ ಓಡಿ ಷರಾ ವಾಪಸು ಪಡೆಯುತ್ತೇನೆ ಎಂದೆ. ಅವರು ಮೊದಲ ಪುಟವನ್ನಷ್ಟೇ ಆಡಳಿತ ಮಂಡಳಿಗೆ ಕಳಿಸಿ, ಎರಡನೆಯದನ್ನು ‘ಪರಿಶೀಲನೆಯಲ್ಲಿದೆ’ ಎಂದು ಉಳಿಸಿಕೊಂಡಿದ್ದರು. ಶುಕ್ರವಾರವೇ ಸಭೆ ಮುಗಿದು ಬಡ್ತಿ ಬೇರೆಯವರಿಗೆ ಹೋಗಿತ್ತು. ಪತ್ರದ ಮೇಲೆ ಪತ್ರ ಬರೆದೆ. ‘ಮುಂದಿನ ಸಲ ನೋಡೋಣ’ ಎಂದರು. ಮುಂದಿನ ಸಲ ಬರುವುದರೊಳಗೆ ಮೇಡಂ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಅವರಿಗೆ ಹಾರ ಹಾಕಿದವಳು ನಾನು.

ಅತ್ತೆ ಆರು ತಿಂಗಳು ಮಾತ್ರೆ ನುಂಗಿ ಗುಣವಾದರು. ಮುಖ ಇಳಿದು ಮೊದಲಿನಂತಾಯಿತು, ಮಂಡಿನೋವು ಮರಳಿ ಬಂತು. ಅವರ ಅನುಮಾನ ಮಾತ್ರ ಇವತ್ತಿಗೂ ಹೋಗಿಲ್ಲ. ‘ಆಯಮ್ಮ ನನ್ ಪುಡಿ ಎತ್ಕೊಂಡೋದ್ಮ್ಯಾಕೇ ನಂಗೆ ಇಂಗಾಗಿದ್ದು. ಏನ್ ಮಾಡುದ್ಳೋ ಏನೋ, ಬುಡು’ ಎನ್ನುತ್ತಾರೆ. ನಾನು ಬೈಯಲು ಬಾಯಿ ತೆರೆದು ಮುಚ್ಚಿಕೊಳ್ಳುತ್ತೇನೆ. ಯಾವ ಬಾಯಿಂದ ಬೈಯಲಿ?

ಮೇಡಂ ಈಗ ಕುಣಿಗಲ್‌ನಲ್ಲಿದ್ದಾರೆ. ತಿಂಗಳಿಗೊಮ್ಮೆಯಾದರೂ ಅತ್ತೆಯ ಆರೋಗ್ಯ ಕೇಳಲು ಫೋನ್ ಮಾಡುತ್ತಾರೆ. ಇಷ್ಟು ವರ್ಷ ಆ ಒಂದೊಂದು ಫೋನನ್ನೂ ನಾನು ಅನುಮಾನದಿಂದಲೇ ಎತ್ತಿದ್ದೇನೆ: ಇವರಿಗೆ ಗೊತ್ತಾಗಿದೆಯೇ, ಇಲ್ಲವೇ? ಗೊತ್ತಿದ್ದೂ ಇಷ್ಟು ಸಹಜವಾಗಿ ಮಾತಾಡುವುದು ಸಾಧ್ಯವೇ? ಧ್ವನಿಯಲ್ಲಿ ಏನಾದರೂ ಬದಲಾಗಿದೆಯೇ ಎಂದು ಕಿವಿಗೊಟ್ಟು ಕೇಳಿ, ಅವರು ಹೇಳಿದ್ದೇ ತಲೆಗೆ ಹೋಗಿರುವುದಿಲ್ಲ.

ಆ ಹೊಸ ಉಪನ್ಯಾಸಕರ ಪಟ್ಟಿ ಬಂದ ವಾರ ನನ್ನಿಂದ ತಡೆಯಲಾಗಲಿಲ್ಲ. ಭಾನುವಾರ ಬೆಳಿಗ್ಗೆ ಕುಣಿಗಲ್ ಬಸ್ಸು ಹತ್ತಿದೆ. ಹೆಬ್ಬೂರು ದಾಟುವವರೆಗೆ ಹೇಳಬೇಕಾದ್ದನ್ನು ಹತ್ತು ರೀತಿ ಜೋಡಿಸಿಕೊಂಡೆ. ಅವರ ಮನೆಯ ನಡುಮನೆಯಲ್ಲಿ ಕುಳಿತು, ಅವರು ಕೊಟ್ಟ ನೀರನ್ನೂ ಕುಡಿಯದೆ, ಜೋಡಿಸಿಕೊಂಡದ್ದೆಲ್ಲ ಮರೆತು ಹೇಳಿದೆ.

‘ಆ ಷರಾ ಬರ್ದಿದ್ದು ನಾನು ಮೇಡಂ.’

‘ಗೊತ್ತಿತ್ತು’ ಎಂದರು.

‘ಯಾವಾಗಿಂದ?’

‘ಅವತ್ತಿಂದಾನೇ. ಪ್ರಿನ್ಸಿಪಾಲ್ರು ಆ ಹಾಳೆ ತೋರ್ಸುವಾಗ ಷರಾ ಇರೋ ಕಡೆ ಮಡಚಿ ಕೊಟ್ರು. ಬಿಚ್ಚೋಕೆ ಎಷ್ಟೊತ್ತು? ಲೈಬ್ರರಿ ಕಾರ್ಡಲ್ಲೂ ನಿಮ್ಮ ಳಕಾರದ ಬಾಲ ಕೆಳಗಿನ ಸಾಲಿನವರೆಗೂ ಇಳ್ದಿರುತ್ತಲ್ಲ.’

ಹಾಗಾದರೆ ಚೀಟಿ ಹಿಡಿದು ಲೈಬ್ರರಿಗೆ ಬಂದಾಗಲೂ ಗೊತ್ತಿತ್ತು. ಎರಡು ಬಸ್ಸು ಬದಲಿಸಿ ಆಸ್ಪತ್ರೆಗೆ ಬಂದಾಗಲೂ ಗೊತ್ತಿತ್ತು. ನನಗೆ ಅಳು ಬಂತು. ಅವರು ಸಮಾಧಾನವನ್ನೇನೂ ಹೇಳಲಿಲ್ಲ.

‘ಬೇಜಾರಾಗಿತ್ತು ಕಣ್ರೀ. ಈಗ್ಲೂ ಇದೆ. ಬಡ್ತಿಗಲ್ಲ. ದಿನಾ ಪಕ್ಕದಲ್ಲೇ ಕೂರ್ತಿದ್ರಿ, ಒಂದ್ ಮಾತು ಕೇಳ್ಲಿಲ್ಲ. ನಾನೂ ಮಾತಾಡೋಳಲ್ಲ ಬಿಡಿ, ಅದೂ ಇದೆ.’ ಎದ್ದು ಒಳಗೆ ಹೋದರು. ಇನ್ನು ಹೊರಡು ಎನ್ನುವ ಸೂಚನೆಯೋ ಎಂದು ನಾನೂ ಎದ್ದು ನಿಂತೆ. ಅವರು ಪಿನ್ ಹಾಕಿದ ಹಾಳೆಗಳ ಕಟ್ಟೊಂದನ್ನು ತಂದು ನನ್ನ ಕೈಗಿತ್ತರು.

ಹೊಸ ಲೇಖನ. ಇನ್ನೂ ಎಲ್ಲಿಗೂ ಕಳಿಸಿಲ್ಲ. ಇಷ್ಟು ವರ್ಷ ಶನಿವಾರಗಳಲ್ಲಿ ಡಬ್ಬಿಗಳಿಗೆ ತುಂಬಿಸಿಕೊಂಡ ಪುಡಿಗಳು ಒಂದು ಕಡೆ, ಅದೇ ಮನೆಗಳ ಕೆಮ್ಮು ಇನ್ನೊಂದು ಕಡೆ. ಮೊದಲ ಪುಟದ ಗಂಗಾ, ಎರಡನೇ ಪುಟದ ಶಿವಗಂಗಮ್ಮ ಕೊನೆಗೂ ಒಂದೇ ಹಾಳೆಗೆ ಬಂದಿದ್ದರು.

‘ಕಳ್ಸೋಕ್ ಮುಂಚೆ ಇದನ್ನ ಯಾರಾದ್ರೂ ಅನುಮಾನದಿಂದ ಓದ್ಬೇಕು’ ಎಂದರು. ‘ನಂಗೆ ಗೊತ್ತಿರೋರಲ್ಲಿ ನಿಮ್ಮಷ್ಟು ಅನುಮಾನದವ್ರು ಯಾರೂ ಇಲ್ಲ.’

ಅವರು ನಗಲಿಲ್ಲ, ಆದ್ದರಿಂದ ನಾನೂ ನಗಲಿಲ್ಲ. ಕನ್ನಡಕ ಒರೆಸಿಕೊಂಡು ಕುಳಿತು ಓದಿದೆ. ವಿಜ್ಞಾನ ನನಗೆ ಅರ್ಧ ಅರ್ಥವಾಗುವುದಿಲ್ಲ. ಆದರೆ ಒಂದಕ್ಕೊಂದು ತಾಳೆಯಾಗದ್ದು ಎಲ್ಲಿದ್ದರೂ ಕಣ್ಣಿಗೆ ಬೀಳುತ್ತದೆ. ನಾಲ್ಕನೆಯ ಹಾಳೆಯಲ್ಲಿ ಕೋಷ್ಟಕದ ಒಂದು ಅಂಕಿಗೂ ಕೆಳಗಿನ ವಿವರಣೆಯ ಅಂಕಿಗೂ ಹೊಂದಾಣಿಕೆಯಿರಲಿಲ್ಲ. ಎರಡು ಸಲ ನೋಡಿದೆ. ಪೆನ್ನು ಪಕ್ಕದಲ್ಲೇ ಇತ್ತು, ತೆಗೆದುಕೊಳ್ಳಲಿಲ್ಲ. ಅವರು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದರು.

‘ಮೇಡಂ, ಇಲ್ಲೊಂದು ತಪ್ಪಿದೆ ಅನ್ಸುತ್ತೆ’ ಎಂದು ಕರೆದೆ.

‘ಎಲ್ಲಿ, ತೋರ್ಸಿ’ ಎನ್ನುತ್ತ ಕೈ ಒರೆಸಿಕೊಂಡು ಬಂದು, ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕುಳಿತರು.